ಫೋಟೋ ಕಳಿಸಿದ್ದಾ, ಫೋಟೋದ ವರ್ಣನೆ ಕಳಿಸಿದ್ದಾ?

ಈ ತಿಂಗಳ ಪತ್ರಗಳಲ್ಲಿ ಸುಮಾರು ಪತ್ರಗಳು ಒಂದೇ ವಿಷಯ ಹಿಡಿದು ಬಂದಿವೆ. ಎಐ ಬಳಸಿ ಫೋಟೋವನ್ನು ತೀರಾ ಚಿಕ್ಕದು ಮಾಡಿ ಕಳಿಸುವುದು, ಆ ಕಡೆ ಇನ್ನೊಂದು ಎಐ ಅದನ್ನು ಮತ್ತೆ ಪೂರ್ತಿ ಫೋಟೋ ಮಾಡುವುದು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಇದನ್ನೇ ಮಾತಾಡೋಣ. ಕಲಬುರಗಿಯ ಪಾಲಿಟೆಕ್ನಿಕ್ ಒಂದರಲ್ಲಿ ನಿವೃತ್ತಿ ಆಗುವವರೆಗೂ ನಾನು ಹೇಳಿಕೊಟ್ಟದ್ದು ಕಮ್ಯುನಿಕೇಶನ್ ವಿಷಯವನ್ನೇ. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ.

ಪ್ರಶ್ನೆ: ಅಕ್ಕಾವ್ರೆ, ನಮ್ಮದು ಚಿಂಚೋಳಿ ತಾಲೂಕು. ತೊಗರಿ ಹಾಕಿದ್ದೇವೆ. ಒಂದು ಮೂಲೆಯಲ್ಲಿ ಎಲೆ ಸಣ್ಣ ಆಗಿವೆ, ಅಲ್ಲಲ್ಲಿ ತಿಳಿ ಹಳದಿ. ಗಿಡ ಹೂ ಬಿಟ್ಟಿಲ್ಲ. ಕೃಷಿ ಕೇಂದ್ರದವರು ಫೋಟೋ ಕಳಿಸಿ ಅಂತಾರೆ. ಹೊಲದಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ಅದೇ ದೊಡ್ಡದು. ಫೋಟೋ ಸುಮ್ನೆ ತಿರುಗುತ್ತಾ ಇರುತ್ತದೆ, ಹೋಗೋದಿಲ್ಲ. ಪುಣೆಯಲ್ಲಿರುವ ಮಗ ಹೇಳಿದ, ಇನ್ನು ಮುಂದೆ ಎಐ ಫೋಟೋವನ್ನು ನೂರು ಪಟ್ಟು ಸಣ್ಣದು ಮಾಡಿ ಕಳಿಸುತ್ತದೆ, ಆ ಕಡೆ ಮೊದಲಿನ ಹಾಗೇ ತೆರೆಯುತ್ತದೆ ಅಂತ. ಇದು ನಿಜಾನಾ?
— ಒಬ್ಬ ರೈತರು, ಚಿಂಚೋಳಿ

ಉತ್ತರ: ಅಣ್ಣಾವ್ರೆ, ನಿಮ್ಮ ಮಗ ಹೇಳಿದ್ದು ಮುಕ್ಕಾಲು ನಿಜ. ಸಣ್ಣದು ಮಾಡುವುದು ನಿಜ, ಆ ಕಡೆ ಚಂದ ತೆರೆಯುವುದೂ ನಿಜ. 'ಮೊದಲಿನ ಹಾಗೇ' ಅನ್ನುವ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು.

ಈಗ ಫೋಟೋ ಹೇಗೆ ಹೋಗುತ್ತದೆ ಅಂತ ಮೊದಲು ನೋಡೋಣ. ನಿಮ್ಮ ಫೋನಿನ ಫೋಟೋ 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರ ಅಂದುಕೊಳ್ಳಿ. ಅಲ್ಲಿಗೆ 1 ಕೋಟಿ 20 ಲಕ್ಷ ಚುಕ್ಕಿ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ. ಇದ್ದದ್ದನ್ನು ಇದ್ದ ಹಾಗೇ ಇಟ್ಟರೆ 36 ಮೆಗಾಬೈಟ್ ಆಗುತ್ತದೆ. ಆದರೆ ಫೋನಿನಲ್ಲಿ ಅದೇ ಫೋಟೋ ಕೆಲವೇ ಮೆಗಾಬೈಟ್ ಜಾಗ ತಿನ್ನುತ್ತದೆ, ಅಲ್ವಾ? ಅದು ಜೆಪೆಗ್ ಮಾಡುವ ಕೆಲಸ. 1992ರಲ್ಲಿ ಬಂದ ಪದ್ಧತಿ. ಫೋಟೋವನ್ನು ಅಗಲಕ್ಕೆ 8, ಎತ್ತರಕ್ಕೆ 8 ಚುಕ್ಕಿ ಇರುವ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲಿ ನಿಧಾನಕ್ಕೆ ಏರಿಳಿಯುವ ಬೆಳಕು ಎಷ್ಟು, ಚಕಚಕ ಬದಲಾಗುವ ಬೆಳಕು ಎಷ್ಟು ಅಂತ ಲೆಕ್ಕ ಹಾಕುತ್ತದೆ. ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸಣ್ಣ ಬದಲಾವಣೆಗಳನ್ನು ಕೈಬಿಡುತ್ತದೆ.

ಈ ಲೆಕ್ಕವನ್ನು ಕೊಟ್ಟವರು ನಮ್ಮ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್. ಅಮೆರಿಕದಲ್ಲಿ ಪಾಠ ಮಾಡುತ್ತಿದ್ದಾಗ, 1972ರಲ್ಲಿ, ಇದರ ಮೇಲೆ ಕೆಲಸ ಮಾಡಲು ಅಲ್ಲಿನ ಸರ್ಕಾರಿ ವಿಜ್ಞಾನ ಸಂಸ್ಥೆಯ ಹತ್ತಿರ ಹಣ ಕೇಳಿದರು. ಸಿಗಲಿಲ್ಲ. ಆದರೂ ಬಿಡದೆ ನಟರಾಜನ್ ಮತ್ತು ಕೆ.ಆರ್. ರಾವ್ ಅವರ ಜೊತೆ ಸೇರಿ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಇವತ್ತು ನೀವು ತೆಗೆಯುವ ಹೆಚ್ಚುಕಮ್ಮಿ ಎಲ್ಲ ಫೋಟೋದ ಒಳಗೂ ಆ ಲೆಕ್ಕ ಇದೆ. ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿಲ್ಲವಲ್ಲ ಅಂತ ನನಗೆ ಬೇಜಾರು. ಅದಕ್ಕೇ ಸಿಕ್ಕ ಕಡೆಯಲ್ಲೆಲ್ಲ ಹೇಳುತ್ತೇನೆ.

ಜೆಪೆಗ್‌ನಲ್ಲಿ ಒಂದು ಗುಣ ನೆನಪಿಡಿ. ಅದು ಇದ್ದದ್ದನ್ನು ಬಿಡುತ್ತದೆ. ಒಂದು ಕಡೆ ಮಸುಕು ಆಗಬಹುದು, ಚೌಕ ಚೌಕ ಕಾಣಬಹುದು. ಆದರೆ ನಿಮ್ಮ ಎಲೆಯ ಮೇಲೆ ಇಲ್ಲದ ಹೊಸ ಮಚ್ಚೆಯೊಂದನ್ನು ಚೊಕ್ಕವಾಗಿ ಬರೆದು ಕೂರಿಸುವುದಿಲ್ಲ.

ಇನ್ನು ಎಐ ವಿಧಾನ. ಇಲ್ಲಿ ಕಳಿಸುವವರ ಹತ್ತಿರ, ಪಡೆಯುವವರ ಹತ್ತಿರ, ಎರಡೂ ಕಡೆ ಕೋಟಿಗಟ್ಟಲೆ ಚಿತ್ರ ನೋಡಿ ಕಲಿತ ಒಂದೇ ಮಾಡೆಲ್ ಇರುತ್ತದೆ. ಎಲೆ ಅಂದರೆ ಹೇಗಿರುತ್ತದೆ, ನರ ಹೇಗೆ ಹೋಗುತ್ತವೆ, ಮಣ್ಣು ಹೇಗೆ ಕಾಣುತ್ತದೆ ಅಂತ ಅದಕ್ಕೆ ಮೊದಲೇ ಅಂದಾಜಿದೆ. ಹಾಗಾಗಿ ನಿಮ್ಮ ಫೋನು ಪೂರ್ತಿ ಚಿತ್ರ ಕಳಿಸಬೇಕಾಗಿಲ್ಲ. ಚಿತ್ರದ ಸಾರ ಹೇಳುವ ಒಂದಿಷ್ಟು ಅಂಕಿ ಕಳಿಸಿದರೆ ಸಾಕು. ಉಳಿದದ್ದನ್ನು ಆ ಕಡೆಯ ಮಾಡೆಲ್ ತನ್ನ ಅಂದಾಜಿನಿಂದ ಬರೆದುಕೊಳ್ಳುತ್ತದೆ.

ಅಂಕಿಯಲ್ಲೇ ಹೇಳುತ್ತೇನೆ. 2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಅನ್ನುವ ಮಾಡೆಲ್ ಎಲ್ಲರಿಗೂ ಸಿಗುವ ಹಾಗೆ ಬಂತು. ಅಗಲ 512, ಎತ್ತರ 512 ಚುಕ್ಕಿಯ ಬಣ್ಣದ ಚಿತ್ರದಲ್ಲಿ 7,86,432 ಅಂಕಿ ಇರುತ್ತವೆ. ಆ ಮಾಡೆಲ್ ಅದನ್ನು ಒಳಗೆ 16,384 ಅಂಕಿಗೆ ಇಳಿಸುತ್ತದೆ. 48 ಪಟ್ಟು ಕಮ್ಮಿ. ಮುಂದಿನ ತಿಂಗಳೇ ಒಬ್ಬ ಎಂಜಿನಿಯರ್ ಆ ಅಂಕಿಗಳನ್ನೂ ಇನ್ನಷ್ಟು ಒರಟು ಮಾಡಿ, ಇಡೀ ಚಿತ್ರವನ್ನು 5 ಕಿಲೋಬೈಟ್ ಆಸುಪಾಸಿಗೆ ತಂದು ತೋರಿಸಿದರು. ಅದೇ ಅಳತೆಗೆ ತಂದ ಜೆಪೆಗ್ ಚಿತ್ರ ಚೌಕ ಚೌಕ ಒಡೆದುಹೋಗಿತ್ತು. ಇವರದ್ದು ಸ್ಟುಡಿಯೋ ಫೋಟೋ ಹಾಗೆ ಹೊಳೆಯುತ್ತಿತ್ತು. ಆದರೆ ಅಕ್ಷರಗಳು ಬದಲಾಗುತ್ತವೆ, ಮುಖದ ಸಣ್ಣ ವಿವರ ಬದಲಾಗುತ್ತದೆ ಅಂತ ಅವರೇ ಮುಚ್ಚಿಡದೆ ಹೇಳಿದರು.

ಬೀದರಿನ ಬಿದ್ರಿ ಕೆಲಸದವರಿಗೆ ಫೋನ್ ಮಾಡಿ, 'ಎಂಟು ಇಂಚಿನ ಸುರಾಹಿ, ಮೈ ತುಂಬ ಅಶ್ರಫಿ ಬೂಟಿ, ಕುತ್ತಿಗೆ ಸುತ್ತ ಬಳ್ಳಿ' ಅಂತ ಹೇಳಿ ನೋಡಿ. ಅಷ್ಟೇ ಮಾತು ಸಾಕು. ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆ ಮಣ್ಣಿನಲ್ಲಿ ಕಪ್ಪು ಮಾಡಿ ಸುಂದರ ಸುರಾಹಿ ಕೈಗೆ ಕೊಡುತ್ತಾರೆ. ಅಪ್ಪಟ ಬಿದ್ರಿಯೇ. ಆದರೆ ನಿಮ್ಮ ಅಜ್ಜಿಯ ಸುರಾಹಿಯ ಮೇಲಿದ್ದ ಗೀರು ಅದರಲ್ಲಿ ಇರುವುದಿಲ್ಲ. ಅದರಲ್ಲಿ ಇರದಿದ್ದ ಎರಡು ಹೂವು ಇದರಲ್ಲಿ ಇರಬಹುದು. ಎಐ ಫೋಟೋ ಕಳಿಸುವ ರೀತಿ ಇದೇ.

ಈಗ ನಿಮ್ಮ ತೊಗರಿಗೆ ಬರೋಣ. ನೀವು ಹೇಳಿದ ಲಕ್ಷಣ ನೋಡಿದರೆ ಅವರು ಮೊದಲು ಗೊಡ್ಡು ರೋಗ ಇದೆಯಾ ಅಂತಲೇ ನೋಡುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಹರಡುವ ವೈರಸ್ ರೋಗ ಅದು. ಅದರ ಗುರುತು ಎಲೆಯ ಮೇಲಿನ ತಿಳಿ ಹಸಿರು, ಕಡು ಹಸಿರು ತೇಪೆಗಳು. ತೇಪೆ ಎಲ್ಲಿದೆ, ಎಷ್ಟಿದೆ, ಅಂಚು ಹೇಗಿದೆ ಅನ್ನುವುದೇ ಮುಖ್ಯ. ಆಳಂದ ಕಡೆ ನನ್ನ ತಮ್ಮನ ಹೊಲದಿಂದ ಇಂಥ ಎಲೆಗಳ ಫೋಟೋ ತರಿಸಿ, ನನ್ನ ಕಂಪ್ಯೂಟರಿನಲ್ಲಿ ಈ ಎಐ ವಿಧಾನದಲ್ಲಿ ಕುಗ್ಗಿಸಿ ಮತ್ತೆ ತೆರೆದು ನೋಡಿದೆ. ಎಲೆ ಬಹಳ ಚಂದ ಬಂತು. ನರಗಳು ಕೂಡ ಚುರುಕಾಗಿ ಕಂಡವು. ಆದರೆ ಹೆಚ್ಚು ಕುಗ್ಗಿಸಿದಷ್ಟೂ ತೇಪೆಗಳು ತೆಳುವಾಗುತ್ತಾ ಬಂದವು. ಒಂದು ಎಲೆಯಲ್ಲಂತೂ ತೇಪೆಯ ಜಾಗವೇ ಬದಲಾಗಿತ್ತು. ಮಾಡೆಲ್ ನೋಡಿ ಕಲಿತ ಎಲೆಗಳಲ್ಲಿ ಆರೋಗ್ಯವಂತ ಎಲೆಗಳೇ ಜಾಸ್ತಿ. ಅದು ರೋಗದ ಎಲೆಯನ್ನೂ ಆ ಕಡೆಗೇ ಎಳೆಯುತ್ತದೆ. ಆ ಫೋಟೋ ನೋಡಿದ ಅಧಿಕಾರಿ 'ಏನೂ ಆಗಿಲ್ಲ' ಅಂದರೆ ಅವರ ತಪ್ಪು ಏನಿದೆ? ನಷ್ಟ ನಿಮ್ಮದು.

ಹಾಗಾಗಿ ಹೀಗೆ ಮಾಡಿ. ಇಡೀ ಹೊಲ ಬರುವ ಹಾಗೆ ಒಂದು ಫೋಟೋ, ಅದನ್ನು ಸಾಧಾರಣವಾಗಿ ವಾಟ್ಸಾಪ್‌ನಲ್ಲೇ ಕಳಿಸಿ. ಎಲೆಯದ್ದು ಹತ್ತಿರದಿಂದ ತೆಗೆಯಿರಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ಕಳಿಸುವ ಮುಂಚೆ ಎಲೆಯಷ್ಟೇ ಉಳಿಯುವ ಹಾಗೆ ಸುತ್ತಲಿನದನ್ನು ಕತ್ತರಿಸಿ. ಬೇಡದ ಮಣ್ಣು, ಆಕಾಶ ಹೋದರೇ ಫೈಲ್ ಎಷ್ಟೋ ಇಳಿಯುತ್ತದೆ. ಆಮೇಲೆ ಅದನ್ನು ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಅನ್ನುವ ಕಡೆಯಿಂದ ಕಳಿಸಿ. ಆಗ ಅದು ಇನ್ನೊಮ್ಮೆ ಕುಗ್ಗುವುದಿಲ್ಲ. ಹೊಲದಲ್ಲೇ ಕಳಿಸಬೇಕು ಅಂತಿಲ್ಲ, ಸಂಜೆ ಊರಿಗೆ ಬಂದ ಮೇಲೆ ಕಳಿಸಿದರೂ ನಡೆಯುತ್ತದೆ. ಗಿಡ ಒಣಗುತ್ತಿದ್ದರೆ ಅದು ನೆಟೆ ರೋಗವೂ ಇರಬಹುದು. ಬುಡದ ಹತ್ತಿರ ಕಾಂಡ ಸೀಳಿ, ಒಳಗೆ ಕಂದು ಅಥವಾ ಕಪ್ಪು ಗೆರೆ ಇದೆಯಾ ನೋಡಿ, ಅದರದ್ದೂ ಒಂದು ಫೋಟೋ ಬಿಸಿಲಿನಲ್ಲಿ ತೆಗೆಯಿರಿ. ಕಲಬುರಗಿಗೆ ಬರುವವರು ಯಾರಾದರೂ ಇದ್ದರೆ, ನಾಲ್ಕು ಗಿಡ ಬೇರು ಸಮೇತ ಕಿತ್ತು ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಕಳಿಸಿಕೊಡಿ. ಗಿಡ ಕೈಯಲ್ಲಿ ಹಿಡಿದು ನೋಡಿದಷ್ಟು ಯಾವ ಫೋಟೋದಲ್ಲೂ ಗೊತ್ತಾಗುವುದಿಲ್ಲ.

ಪ್ರಶ್ನೆ: 1975ರಲ್ಲಿ ನಮ್ಮ ಭಾಗದ ಹಳ್ಳಿಗಳಿಗೆ ಉಪಗ್ರಹದಿಂದ ಟಿ.ವಿ. ಬಂದಿತ್ತು ಅಂತ ನಮ್ಮ ತಂದೆ ಹೇಳುತ್ತಿದ್ದರು. ಆಗ ಎಐ ಇರಲಿಲ್ಲ, ಜೆಪೆಗ್ ಕೂಡ ಇರಲಿಲ್ಲ. ಚಿತ್ರ ಹೇಗೆ ಬರುತ್ತಿತ್ತು?
— ಶಾಲಾ ಶಿಕ್ಷಕರು, ಜೇವರ್ಗಿ

ಉತ್ತರ: ನಿಮ್ಮ ತಂದೆ ಹೇಳಿದ್ದು ಸರಿ ಸರ್. ಅದರ ಹೆಸರು ಸೈಟ್, ಅಂದರೆ ಉಪಗ್ರಹದ ಮೂಲಕ ಟಿ.ವಿ.ಯಲ್ಲಿ ಶಿಕ್ಷಣ ಕೊಡುವ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಯಿತು. ನಾಸಾದ ಎಟಿಎಸ್-6 ಉಪಗ್ರಹ, ಇಸ್ರೋದ ನೆಲದ ವ್ಯವಸ್ಥೆ, ಆರು ರಾಜ್ಯಗಳ 2400 ಹಳ್ಳಿಗಳು. ಕರ್ನಾಟಕದಿಂದ ಆರಿಸಿದ್ದು ನಮ್ಮ ಗುಲ್ಬರ್ಗ, ಜೊತೆಗೆ ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳನ್ನು. ಕೋಳಿ ಬಲೆಯಂಥ ತಂತಿ ಜಾಲರಿಯಲ್ಲಿ ಮಾಡಿದ ಮೂರು ಮೀಟರ್ ಅಗಲದ ಬುಟ್ಟಿ ಆಂಟೆನಾ ಇರುತ್ತಿತ್ತು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಅಜ್ಜಿ ಊರಿನಲ್ಲಿ ನಾನೂ ಹುಡುಗಿಯಾಗಿದ್ದಾಗ ನೆಲದ ಮೇಲೆ ಕೂತು ನೋಡಿದ್ದೇನೆ. ನಾನು ಮುಂದೆ ಎಲೆಕ್ಟ್ರಾನಿಕ್ಸ್ ಓದಬೇಕು ಅಂತ ಹಟ ಹಿಡಿದದ್ದಕ್ಕೆ ಆ ಆಂಟೆನಾ ಕಾರಣ.

ಅದು ಅನಲಾಗ್ ಕಾಲ. ಕ್ಯಾಮೆರಾ ಕಂಡ ಬೆಳಕಿನ ಏರಿಳಿತವೇ ಅಲೆಯ ಏರಿಳಿತವಾಗಿ ಬರುತ್ತಿತ್ತು. ಕುಗ್ಗಿಸುವ ಮಾತು ಕಮ್ಮಿ. ಸಿಗ್ನಲ್ ಸೊರಗಿದರೆ ಪರದೆ ತುಂಬ ಬಿಳಿ ಕಾಳು ಕುಣಿಯುತ್ತಿದ್ದವು. ಎದುರಿಗೆ ಕೂತ ಅಕ್ಷರ ಬಾರದ ಮುದುಕಿಗೂ 'ಚಿತ್ರ ಸರಿಯಿಲ್ಲ' ಅಂತ ತಿಳಿಯುತ್ತಿತ್ತು. ಆಮೇಲೆ ಡಿಜಿಟಲ್ ಬಂತು. ಅಲ್ಲೂ ಸಿಗ್ನಲ್ ಕೆಟ್ಟರೆ ಚೌಕಗಳು ಒಡೆಯುತ್ತವೆ, ಚಿತ್ರ ನಿಂತುಹೋಗುತ್ತದೆ. ಹಾಳಾದದ್ದು ಹಾಳಾದ ಹಾಗೇ ಕಾಣುತ್ತದೆ.

ಎಐ ವಿಧಾನದಲ್ಲಿ ಈ ಗುಣ ಇಲ್ಲ. ಬಂದ ಮಾಹಿತಿ ಎಷ್ಟೇ ಕಮ್ಮಿ ಇರಲಿ, ತೆರೆದ ಚಿತ್ರ ಚೊಕ್ಕವಾಗಿಯೇ ಇರುತ್ತದೆ. ಮಸುಕು ಇಲ್ಲ, ಕಾಳು ಇಲ್ಲ, ಚೌಕ ಇಲ್ಲ. ನೋಡುವವರಿಗೆ ಅನುಮಾನ ಹುಟ್ಟಿಸುವ ಒಂದು ಗುರುತೂ ಇಲ್ಲ. ನನಗೆ ಈ ತಂತ್ರಜ್ಞಾನದಲ್ಲಿ ದೊಡ್ಡ ಚಿಂತೆ ಇದೇ. ಮಾಹಿತಿ ಎಲ್ಲ ಪದ್ಧತಿಯಲ್ಲೂ ಕಳೆದುಹೋಗುತ್ತದೆ. ಕಳೆದುಹೋಗಿದೆ ಅಂತ ನೋಡುವವರಿಗೆ ತಿಳಿಯಬೇಕು. ಆದ್ದರಿಂದ ಹೀಗೆ ಬಂದ ಚಿತ್ರದ ಮೇಲೆ 'ಇದರ ಇಂತಿಷ್ಟು ಭಾಗ ಯಂತ್ರ ತುಂಬಿದ್ದು' ಅನ್ನುವ ಗುರುತು ಕಡ್ಡಾಯವಾಗಿ ಇರಬೇಕು ಅಂತ ನಾನು ಹೋದಲ್ಲೆಲ್ಲ ವಾದ ಮಾಡುತ್ತೇನೆ.

ಪ್ರಶ್ನೆ: ಮೇಡಂ, ಬೀದರ್ ಜಿಲ್ಲೆಯಲ್ಲಿ ತಹಸೀಲ್ ಕಚೇರಿ ಎದುರು ನನ್ನ ಜೆರಾಕ್ಸ್, ಆನ್‌ಲೈನ್ ಅಂಗಡಿ ಇದೆ. ಹಳೆಯ ಖಾಸ್ರಾ ಪಹಣಿ, ಮ್ಯುಟೇಶನ್ ಕಾಗದ ತರುತ್ತಾರೆ. ಅಕ್ಷರ ಮಾಸಿ ಹೋಗಿರುತ್ತವೆ. ಫೋನಿನಲ್ಲಿ ಎಐ ಕ್ಲಿಯರ್ ಮಾಡುವ ಆ್ಯಪ್ ಹಾಕಿಕೊಂಡಿದ್ದೇನೆ. ಒತ್ತಿದರೆ ಹೊಸ ಕಾಗದದ ಹಾಗೆ ಆಗುತ್ತದೆ, ಫೈಲ್ ಕೂಡ ಸಣ್ಣದಾಗುತ್ತದೆ. ಗಿರಾಕಿಗಳಿಗೆ ಖುಷಿ. ಇದನ್ನೇ ಅಪ್‌ಲೋಡ್ ಮಾಡಿದರೆ ತೊಂದರೆ ಇದೆಯಾ?
— ಅಂಗಡಿಯವರು, ಹುಮನಾಬಾದ್

ಉತ್ತರ: ತಮ್ಮಾ, ಇದೆ. ದಯವಿಟ್ಟು ಇವತ್ತೇ ನಿಲ್ಲಿಸು. ಕೋಪದಿಂದ ಹೇಳುತ್ತಿಲ್ಲ, ಭಯದಿಂದ ಹೇಳುತ್ತಿದ್ದೇನೆ.

2013ರಲ್ಲಿ ಜರ್ಮನಿಯಲ್ಲಿ ನಡೆದದ್ದು ಕೇಳು. ಡೇವಿಡ್ ಕ್ರೀಸೆಲ್ ಅನ್ನುವ ಕಂಪ್ಯೂಟರ್ ವಿಜ್ಞಾನಿಗೆ ಕಟ್ಟಡದ ನಕ್ಷೆಯೊಂದರ ಸ್ಕ್ಯಾನ್ ಪ್ರತಿ ಸಿಕ್ಕಿತು. ಅದರಲ್ಲಿ ಮೂರು ಕೋಣೆಗಳಿಗೂ 14.13 ಚದರ ಮೀಟರ್ ಅಂತ ಇತ್ತು. ಮೂಲ ನಕ್ಷೆಯಲ್ಲಿ ಇದ್ದದ್ದು 14.13, 17.42 ಮತ್ತು 21.11. ಜೆರಾಕ್ಸ್ ಕಂಪನಿಯ ಆ ಯಂತ್ರ ಫೈಲ್ ಸಣ್ಣದು ಮಾಡುವುದಕ್ಕೆ ಒಂದು ಉಪಾಯ ಮಾಡುತ್ತಿತ್ತು. ಪುಟದಲ್ಲಿ ಒಂದೇ ಥರ ಕಾಣುವ ತುಣುಕುಗಳನ್ನು ಹುಡುಕಿ, ಒಂದನ್ನೇ ಇಟ್ಟುಕೊಂಡು ಉಳಿದ ಕಡೆ ಅದನ್ನೇ ಅಂಟಿಸುತ್ತಿತ್ತು. 6 ಮತ್ತು 8 ಅದರ ಕಣ್ಣಿಗೆ ಒಂದೇ ಥರ ಕಂಡರೆ 6 ಇದ್ದ ಕಡೆ 8 ಬರುತ್ತಿತ್ತು. ಆ 8 ಮಸುಕು ಇರುತ್ತಿರಲಿಲ್ಲ, ಪ್ರಿಂಟ್ ಹೊಡೆದ ಹಾಗೆ ಚೊಕ್ಕ ಇರುತ್ತಿತ್ತು. ಕಂಪನಿ ಆಮೇಲೆ ಸಾಫ್ಟ್‌ವೇರ್ ತಿದ್ದಿ ಕೊಟ್ಟಿತು. ಅಲ್ಲಿ ಎಐ ಇರಲಿಲ್ಲ, ಅಂಟಿಸಿದ್ದು ಕನಿಷ್ಠ ಅದೇ ಪುಟದ ತುಣುಕು. ನಿನ್ನ ಆ್ಯಪ್ ತನ್ನ ಅಂದಾಜಿನಿಂದಲೇ ಹೊಸದಾಗಿ ಬರೆಯುತ್ತದೆ.

ನಾನು ಒಂದು ಹಳೆಯ ಪಹಣಿ ಪುಟವನ್ನು ಎಐ ವಿಧಾನದಲ್ಲಿ ಕುಗ್ಗಿಸಿ ನೋಡಿದೆ. ದೂರದಿಂದ ನೋಡಿದರೆ ಪಹಣಿಯೇ. ಹತ್ತಿರ ಹೋಗಿ ಓದಿದರೆ ಕನ್ನಡದ ಹಾಗೆ ಕಾಣುವ ಆದರೆ ಕನ್ನಡ ಅಲ್ಲದ ಗೆರೆಗಳು. ಒತ್ತಕ್ಷರ ಕರಗಿಹೋಗಿದ್ದವು. ಅದಕ್ಕಿಂತ ಕೆಟ್ಟದ್ದು ಅಂಕಿಗಳು. ಓದಲು ಬಾರದ ಅಕ್ಷರ ನೋಡಿದರೆ ಯಾರಾದರೂ ಪ್ರಶ್ನೆ ಮಾಡುತ್ತಾರೆ. ತಪ್ಪು ಅಂಕಿ ಓದಲು ಬರುತ್ತದೆ. ನಮ್ಮ ೬ ಮತ್ತು ೭ ಒಂದಕ್ಕೊಂದು ಎಷ್ಟು ಹತ್ತಿರ ಅಂತ ನಿನಗೇ ಗೊತ್ತು, ೯ ಕೂಡ ದೂರ ಏನಿಲ್ಲ. ಒಂದು ಕೊಂಡಿ ಆ ಕಡೆ ತಿರುಗಿದರೆ ಸರ್ವೆ ನಂಬರ್ ಬೇರೆ, ಹೊಲ ಬೇರೆ. ನಿಜಾಮರ ಕಾಲದ ಉರ್ದು ಕಾಗದಗಳೂ ನಿನ್ನ ಹತ್ತಿರ ಬರುತ್ತವೆ. ಅಲ್ಲಿ ಅಕ್ಷರ ಯಾವುದು ಅಂತ ಹೇಳುವುದೇ ಚುಕ್ಕಿ. ಮೇಲೆ ಎಷ್ಟು, ಕೆಳಗೆ ಎಷ್ಟು ಅನ್ನುವುದರ ಮೇಲೆ ಹೆಸರೇ ಬದಲಾಗುತ್ತದೆ. ಆ್ಯಪಿಗೆ ಆ ಚುಕ್ಕಿ ಕಾಗದದ ಮೇಲಿನ ಕೊಳೆ.

ನಮ್ಮ ತಂದೆಯ ಹೊಲದ ಕಾಗದದಲ್ಲಿ ಒಂದೇ ಒಂದು ಅಂಕಿ ತಪ್ಪಾಗಿ ಬರೆದಿದ್ದರು. ಯಾವ ಯಂತ್ರವೂ ಅಲ್ಲ, ಒಬ್ಬ ಮನುಷ್ಯ ನಕಲು ಮಾಡುವಾಗ ಆದದ್ದು. ಅದನ್ನು ತಿದ್ದಿಸಲು ಅವರು ಕಚೇರಿಯಿಂದ ಕಚೇರಿಗೆ ವರ್ಷಗಟ್ಟಲೆ ಅಲೆದರು. ಕೊನೆಗೆ ಸರಿ ಆಯಿತು, ಅಷ್ಟರಲ್ಲಿ ಅವರ ಕಾಲು ಸೋತಿದ್ದವು. ಅದಕ್ಕೇ ಹೇಳುತ್ತೇನೆ, ಗಿರಾಕಿಯ ಖುಷಿ ಅವತ್ತಿನದು, ಹೊಲದ ತಂಟೆ ಮಕ್ಕಳ ಕಾಲದವರೆಗೂ ಬರುತ್ತದೆ.

ನೀನು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಮಾಸಿದ ಕಾಗದವನ್ನು ಸ್ಕ್ಯಾನರ್ ಮೇಲೇ ಇಡು, ಫೋನ್ ಬೇಡ. 300 ಡಿಪಿಐ, ಗ್ರೇ ಬಣ್ಣ. ಎನ್‌ಹಾನ್ಸ್, ಆಟೋ ಕ್ಲಿಯರ್ ಅಂತ ಏನಿದೆಯೋ ಎಲ್ಲ ಆಫ್ ಮಾಡು. ಮಾಸದ, ಕಪ್ಪು ಬಿಳಿ ಕಾಗದವಾದರೆ ಹಳೆಯ ಫ್ಯಾಕ್ಸ್ ಪದ್ಧತಿಯ ಕುಗ್ಗಿಸುವಿಕೆ ಈಗಲೂ ಪಿಡಿಎಫ್‌ನಲ್ಲಿ ಸಿಗುತ್ತದೆ. ಒಂದು ಚುಕ್ಕಿಯೂ ಬದಲಾಗದೆ ಫೈಲ್ ಬಹಳ ಸಣ್ಣದಾಗುತ್ತದೆ. ಯಾರಿಗಾದರೂ ಮಾಸಿದ ಕಾಗದ ಓದಲೇಬೇಕಾಗಿದ್ದರೆ ಎಐ ಪ್ರತಿ ತೋರಿಸು, ಆದರೆ ಅದರ ಮೇಲೆ ದಪ್ಪಕ್ಷರದಲ್ಲಿ 'ಓದುವ ಸಹಾಯಕ್ಕೆ ಮಾತ್ರ' ಅಂತ ಬರೆ. ಅಪ್‌ಲೋಡ್ ಆಗಬೇಕಾದದ್ದು ಮೂಲ ಸ್ಕ್ಯಾನ್.

ಪ್ರಶ್ನೆ: ಯಾದಗಿರಿಯ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಎಕ್ಸ್-ರೇ ಟೆಕ್ನಿಷಿಯನ್ ಆಗಿದ್ದೇನೆ. ರಾತ್ರಿ ಹೊತ್ತು ಕಲಬುರಗಿ ಡಾಕ್ಟರಿಗೆ ಫೋಟೋ ಕಳಿಸಿ ಕೇಳುತ್ತೇವೆ. ಎಐನಿಂದ ಸಣ್ಣದು ಮಾಡಿ ಕಳಿಸಬಹುದಾ?
— ಯಾದಗಿರಿ

ಉತ್ತರ: ಬೇಡಪ್ಪಾ. ಕೂದಲೆಳೆಯಷ್ಟು ಸಣ್ಣ ಮೂಳೆ ಬಿರುಕು, ಶ್ವಾಸಕೋಶದ ಮೂಲೆಯ ತಿಳಿ ನೆರಳು, ಇಂಥವೇ ಅಂದಾಜಿನ ಯಂತ್ರ ಮೊದಲು ಒರೆಸಿಹಾಕುವ ವಿವರಗಳು. 2020ರಲ್ಲಿ ಫಾಸ್ಟ್ ಎಂಆರ್‌ಐ ಅನ್ನುವ ಸ್ಪರ್ಧೆ ನಡೆಯಿತು. ಕಮ್ಮಿ ಮಾಹಿತಿಯಿಂದ ಪೂರ್ತಿ ಎಂಆರ್‌ಐ ಚಿತ್ರ ಕಟ್ಟುವ ಕೆಲಸ. ಮಾಹಿತಿ ತೀರಾ ಕಮ್ಮಿ ಮಾಡಿದಾಗ ಕೆಲವು ಮಾಡೆಲ್‌ಗಳು ರೋಗಿಯ ದೇಹದಲ್ಲಿ ಇಲ್ಲದ್ದನ್ನೂ ಚಿತ್ರದಲ್ಲಿ ಸೇರಿಸಿದ್ದು ಕಂಡುಬಂತು.

ನಿಮ್ಮದು ಡಿಜಿಟಲ್ ಎಕ್ಸ್-ರೇ ಆದರೆ ಡೈಕಾಮ್ ಫೈಲ್ (ಆಸ್ಪತ್ರೆ ಚಿತ್ರಗಳನ್ನು ಇಡುವ ಫೈಲ್ ರೂಪ) ಇರುತ್ತದೆ. ಅದರಲ್ಲೇ ಏನೂ ಕಳೆಯದೆ ಕುಗ್ಗಿಸುವ ದಾರಿ ಇದೆ. ನೆಟ್‌ವರ್ಕ್ ಸೋತ ರಾತ್ರಿ ನಾಸಾದ ನ್ಯೂ ಹೊರೈಜನ್ಸ್ ಬಾಹ್ಯಾಕಾಶ ನೌಕೆಯವರು ಮಾಡಿದ ಹಾಗೆ ಮಾಡಿ. ಅದು 2015ರ ಜುಲೈ 14ರಂದು ಪ್ಲೂಟೋ ಪಕ್ಕದಲ್ಲಿ ಹಾದುಹೋಯಿತು. ಸೆಕೆಂಡಿಗೆ ಒಂದೆರಡು ಸಾವಿರ ಬಿಟ್ ಹೋದರೆ ಹೆಚ್ಚು. ಅವರು ಮೊದಲು ಮುಖ್ಯ ಚಿತ್ರಗಳ ಕುಗ್ಗಿಸಿದ ಪ್ರತಿ ತರಿಸಿಕೊಂಡರು, ಆಮೇಲೆ ನಿಧಾನಕ್ಕೆ ಪೂರ್ತಿ ಮಾಹಿತಿ ಇಳಿಸಿದರು. ಕೊನೆಯ ಕಂತು ಬಂದದ್ದು 2016ರ ಅಕ್ಟೋಬರ್‌ನಲ್ಲಿ. ನೀವೂ ತುರ್ತಿಗೆ ಒಂದು ಸಣ್ಣ ಜೆಪೆಗ್ ಕಳಿಸಿ, 'ಪೂರ್ತಿ ಫೈಲ್ ಬರುತ್ತಿದೆ' ಅಂತ ಬರೆಯಿರಿ. ಅನುಮಾನ ಇರುವ ಜಾಗವನ್ನು ಮಾತ್ರ ಕತ್ತರಿಸಿ, ಕುಗ್ಗಿಸದೆ ಮೊದಲು ಕಳಿಸಿ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ ಓದುತ್ತಿದ್ದೇನೆ. ಎಐ ಬಂದ ಮೇಲೆ ಶಾನನ್ ಮಿತಿ ಮುರಿದುಹೋಯಿತು ಅಂತ ಒಬ್ಬರು ವಿಡಿಯೋದಲ್ಲಿ ಹೇಳಿದರು. ನಿಜಾನಾ ಮೇಡಂ? ಇದರ ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತ ಆಸೆ.
— ವಿದ್ಯಾರ್ಥಿನಿ

ಉತ್ತರ: ಮುರಿದಿಲ್ಲ ಮಗಳೇ. ಮಾಹಿತಿಯನ್ನು ಎಷ್ಟರ ಮಟ್ಟಿಗೆ ಕುಗ್ಗಿಸಬಹುದು, ಅದಕ್ಕಿಂತ ಕೆಳಗೆ ಹೋದರೆ ಏನಾದರೂ ಕಳೆಯಲೇಬೇಕು ಅಂತ 1948ರಲ್ಲಿ ಕ್ಲಾಡ್ ಶಾನನ್ ಹಾಕಿದ ಲೆಕ್ಕ ಗಟ್ಟಿಯಾಗಿಯೇ ಇದೆ. ಎಐ ವಿಧಾನದಲ್ಲಿ ಮಾಹಿತಿಯ ದೊಡ್ಡ ಪಾಲು ಮೊದಲೇ ಎರಡೂ ಕಡೆ ಕೂತಿದೆ, ಮಾಡೆಲ್ ರೂಪದಲ್ಲಿ. ಆ ಫೈಲ್ ಒಂದೆರಡು ಗಿಗಾಬೈಟ್‌ಗೂ ಜಾಸ್ತಿ ಇರಬಹುದು. ತಂತಿಯಲ್ಲಿ ಹರಿಯುವುದು ಬಾಕಿ ಉಳಿದದ್ದು ಮಾತ್ರ. ಅದರ ಮೇಲೆ, ಬಂದ ಚಿತ್ರ ಮೂಲಕ್ಕೆ ಸರಿಸಮ ಇರಬೇಕು ಅನ್ನುವ ಷರತ್ತನ್ನು ಸಡಿಲ ಮಾಡಿದ್ದೇವೆ.

ಇಲ್ಲಿ ನೀನು ಓದಲೇಬೇಕಾದದ್ದು ಯೋಚಾಯ್ ಬ್ಲಾವ್ ಮತ್ತು ತೋಮರ್ ಮಿಖಾಯೆಲಿ ಅವರ 2018ರ ಕೆಲಸ. ಇಬ್ಬರೂ ಇಸ್ರೇಲಿನ ಟೆಕ್ನಿಯನ್ ಸಂಸ್ಥೆಯವರು. ಚಿತ್ರ ಮೂಲಕ್ಕೆ ಹತ್ತಿರ ಇರುವುದು ಒಂದು, ಚಿತ್ರ ಸಹಜವಾಗಿ ಕಾಣುವುದು ಇನ್ನೊಂದು. ಒಂದು ಹಂತ ದಾಟಿದ ಮೇಲೆ ಎರಡೂ ಒಟ್ಟಿಗೆ ಸಿಗುವುದಿಲ್ಲ ಅಂತ ಅವರು ಗಣಿತದಲ್ಲೇ ತೋರಿಸಿದರು. ಸಹಜತೆ ಬೇಕೆಂದರೆ ಮೂಲದಿಂದ ದೂರ ಹೋಗಲೇಬೇಕು. 2019ರಲ್ಲಿ ಇದಕ್ಕೆ ಎಷ್ಟು ಬಿಟ್ ಕಳಿಸುತ್ತೇವೆ ಅನ್ನುವ ಲೆಕ್ಕವನ್ನೂ ಸೇರಿಸಿದರು. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಸಂತೋಷ ಆಯಿತು. ನನ್ನ ಮನಸ್ಸಿನಲ್ಲಿದ್ದ ಅನುಮಾನಕ್ಕೆ ಒಂದು ಪ್ರಮೇಯ ಸಿಕ್ಕಿತಲ್ಲ! ಆಮೇಲೆ ಎಐನಿಂದ ಚಿತ್ರ ಕುಗ್ಗಿಸುವ ಬಗ್ಗೆ ಇರುವ 2020ರ ಹೈಫಿಕ್ ಪ್ರಬಂಧ ನೋಡು, ಗೂಗಲ್ ಸಂಶೋಧಕರದ್ದು. ಅಲ್ಲಿ ಈ ಎರಡನ್ನೂ ತೂಗಿ ನೋಡುವ ಪ್ರಯತ್ನ ಇದೆ. ಕಲಿತ ಮಾಡೆಲ್‌ನಿಂದ ಕುಗ್ಗಿಸುವುದಕ್ಕೆ ಜೆಪೆಗ್ ಎಐ ಅನ್ನುವ ಅಂತಾರಾಷ್ಟ್ರೀಯ ಮಾನದಂಡವೂ 2025ರಲ್ಲಿ ಬಂದಿದೆ. ಹಾಗಾಗಿ ಇದು ಬರೀ ಲ್ಯಾಬ್ ಆಟ ಅಂತ ತಿಳಿಯಬೇಡ.

ಒಂದು ಪ್ರಾಯೋಗಿಕ ತೊಡಕು ಮೊದಲೇ ಹೇಳಿಬಿಡುತ್ತೇನೆ. ಎರಡು ಕಡೆಯ ಚಿಪ್ ಬೇರೆ ಬೇರೆ ಇದ್ದರೆ ದಶಾಂಶ ಲೆಕ್ಕದಲ್ಲಿ ಕೂದಲಷ್ಟು ವ್ಯತ್ಯಾಸ ಬರುತ್ತದೆ. ಬಿಟ್‌ಗಳನ್ನು ಬಿಚ್ಚುವ ಹಂತದಲ್ಲಿ ಅಷ್ಟು ವ್ಯತ್ಯಾಸಕ್ಕೇ ಇಡೀ ಚಿತ್ರ ಕೆಟ್ಟುಹೋಗಬಹುದು. ನಿನ್ನ ಲ್ಯಾಪ್‌ಟಾಪ್‌ನಲ್ಲಿ ಕುಗ್ಗಿಸಿ ಗೆಳತಿಯ ಫೋನಿನಲ್ಲಿ ತೆರೆದು ನೋಡಿದರೆ ಗೊತ್ತಾಗುತ್ತದೆ.

ಪ್ರಾಜೆಕ್ಟಿಗೆ ನನ್ನ ಸಲಹೆ: ನಾಯಿ, ಬೆಕ್ಕು, ಸೂರ್ಯಾಸ್ತದ ಚಿತ್ರ ಬೇಡ. ನಮ್ಮ ಜಿಲ್ಲೆಯದ್ದೇ ತಗೋ. ಚಿತ್ತಾಪುರ ತಾಲೂಕಿನ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪದ ಫಲಕ ಇದೆ. ಅದರಲ್ಲಿ ಹಳೆಯ ಬ್ರಾಹ್ಮಿ ಲಿಪಿಯಲ್ಲಿ 'ರಾಜ ಅಶೋಕ' ಅನ್ನುವ ಅರ್ಥದ ಅಕ್ಷರ ಕೆತ್ತಿದ್ದಾರೆ. ರಾಣಿ, ದಾಸಿಯರ ಜೊತೆ ನಿಂತ ರಾಜ ಅಶೋಕನೇ ಅಂತ ನಮಗೆ ತಿಳಿದದ್ದು ಆ ಕೆಲವು ಅಕ್ಷರಗಳಿಂದ. ಆ ಫಲಕದ ಫೋಟೋವನ್ನು ಎಐ ವಿಧಾನದಲ್ಲಿ ಹಂತ ಹಂತವಾಗಿ ಕುಗ್ಗಿಸು. ಅಕ್ಷರ ಯಾವ ಹಂತದಲ್ಲಿ ಅಳಿಯುತ್ತದೆ, ಯಾವ ಹಂತದಲ್ಲಿ ಬೇರೆ ಅಕ್ಷರ ಆಗುತ್ತದೆ ಅಂತ ಬರೆದಿಡು. ಅಳಿಯುವುದು, ಬದಲಾಗುವುದು ಇವೆರಡನ್ನೂ ಬೇರೆ ಬೇರೆ ಎಣಿಸು. ಎಲ್ಲರೂ ಒಟ್ಟಿಗೆ ಎಣಿಸಿ ಒಂದು ಅಂಕ ಕೊಟ್ಟುಬಿಡುತ್ತಾರೆ, ಅಲ್ಲೇ ಮುಖ್ಯವಾದದ್ದು ಮುಚ್ಚಿಹೋಗುತ್ತದೆ. ಆಮೇಲೆ ಅಕ್ಷರ ಇರುವ ಜಾಗ ಮಾತ್ರ ಮಾಮೂಲಿ ವಿಧಾನದಲ್ಲಿ, ಉಳಿದ ಕಲ್ಲು ಎಐ ವಿಧಾನದಲ್ಲಿ ಕಳಿಸಿ, ಎಷ್ಟು ಉಳಿತಾಯ ಆಯಿತು ಅಂತ ಲೆಕ್ಕ ಹಾಕು. ನನಗೆ ಈ ಬೆರಕೆ ವಿಧಾನದ ಮೇಲೆ ನಂಬಿಕೆ ಇದೆ. ವರದಿ ಆದ ಮೇಲೆ ಒಂದು ಪ್ರತಿ ಪತ್ರಿಕೆಯ ವಿಳಾಸಕ್ಕೆ ಕಳಿಸು, ಓದಲು ಕಾದಿರುತ್ತೇನೆ.

ಪ್ರಶ್ನೆ: ಮೊಮ್ಮಗ ಅಮೆರಿಕದಲ್ಲಿದ್ದಾನೆ. ವಿಡಿಯೋ ಕಾಲ್ ಮಾಡಿದರೆ ಮುಖ ನಿಂತುಬಿಡುತ್ತದೆ. ಎಐ ಹಾಕಿದರೆ ನಿಲ್ಲೋದಿಲ್ಲವಂತೆ. ಆದರೆ ಅದು ಅವನ ಮುಖವೇ ಅಲ್ಲವಂತೆ. ನನಗೆ ಯಾಕೋ ಹೆದರಿಕೆ.
— ಒಬ್ಬ ಅಜ್ಜಿ, ಶಹಾಬಾದ್

ಉತ್ತರ: ಅವ್ವಾ, ಹೆದರಬೇಡಿ. ಎನ್‌ವಿಡಿಯಾ ಕಂಪನಿಯವರು 2020ರಲ್ಲಿ ಇಂಥದ್ದೊಂದು ತೋರಿಸಿದ್ದರು. ಮೊದಲು ಮೊಮ್ಮಗನ ಒಂದು ಪೂರ್ತಿ ಚಿತ್ರ ನಿಮ್ಮ ಫೋನಿಗೆ ಬರುತ್ತದೆ. ಆಮೇಲೆ ಅವನ ಕಣ್ಣು, ಬಾಯಿ, ತಲೆ ಎಲ್ಲಿ ತಿರುಗಿತು ಅನ್ನುವ ಗುರುತುಗಳಷ್ಟೇ ಬರುತ್ತವೆ. ಆ ಚಿತ್ರವನ್ನು ಇಟ್ಟುಕೊಂಡು ನಿಮ್ಮ ಫೋನ್ ಮುಖವನ್ನು ಆಡಿಸುತ್ತದೆ. ನಗು ಅವನದ್ದೇ, ಅವನು ನಕ್ಕಾಗಲೇ ಬಂದದ್ದು. ಮಾತಾಡುತ್ತಾ ಮುಖ ನೋಡುವುದಕ್ಕೆ ಇದು ಒಳ್ಳೆಯ ಉಪಯೋಗ ಅಂತಲೇ ನನ್ನ ಅಭಿಪ್ರಾಯ. ನಿಂತ ಮುಖಕ್ಕಿಂತ ಆಡುವ ಮುಖ ಮೇಲು.

ಒಂದೇ ಎಚ್ಚರಿಕೆ. ಅವನು ಕೈ ಅಡ್ಡ ತಂದರೆ, ಏನಾದರೂ ಎತ್ತಿ ತೋರಿಸಿದರೆ, ಇಂಥ ವಿಧಾನಕ್ಕೆ ಕಷ್ಟ ಆಗುತ್ತದೆ. ಗಾಯ ಆಗಿದೆಯಾ, ಜ್ವರದಲ್ಲಿ ಮುಖ ಬಾಡಿದೆಯಾ ಅಂತ ನೋಡಬೇಕು ಅನ್ನಿಸಿದರೆ, ಒಂದು ಫೋಟೋ ತೆಗೆದು ಡಾಕ್ಯುಮೆಂಟ್ ಆಗಿ ಕಳಿಸು ಅಂತ ಹೇಳಿ. ಅದು ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ.